ಹಾವಲ್ಲ ಕಣ್ಲಾ, ಪೈಪು!

ಪಾಂಡವಪುರದ ಹತ್ತಿರ ನಮ್ಮದು ಎರಡು ಎಕರೆ ಕಬ್ಬು. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಕಟ್ಟಬೇಕು. ಹಾಗೆ ಹೋದಾಗ ಒಂದು ಸಲ ಬದುವಿನ ಮೇಲೆ ಕಪ್ಪಗೆ, ಉದ್ದಕ್ಕೆ ಏನೋ ಕಂಡಿತು. ಹಾರಿದ್ದು ಗೊತ್ತಾಗಿದ್ದೇ ಕಾಲುವೆಗೆ ಬಿದ್ದ ಮೇಲೆ. ಟಾರ್ಚು ನೀರುಪಾಲು. ಅಣ್ಣ ಬಂದು ನೋಡಿ ನಕ್ಕ: "ಹಾವಲ್ಲ ಕಣ್ಲಾ, ಪೈಪು!"

ಅವನೇನೋ ನಕ್ಕ. ನಾನು ಮಾತ್ರ ಎರಡು ತಿಂಗಳು ನೆಪ ಹೇಳಿ ರಾತ್ರಿ ಗದ್ದೆ ತಪ್ಪಿಸಿಕೊಂಡೆ. ತಪ್ಪಿಸಿಕೊಂಡಷ್ಟೂ ಭಯ ಜಾಸ್ತಿಯಾಯಿತು.

ಆಮೇಲೆ ಒಂದಿಷ್ಟು ಓದಿದೆ. ಪೈಪನ್ನು ಹಾವು ಅಂದುಕೊಂಡವನಿಗೆ ಹೋಗೋದು ಒಂದು ಟಾರ್ಚು. ಹಾವನ್ನು ಪೈಪು ಅಂದುಕೊಂಡವನಿಗೆ ಜೀವವೇ ಹೋಗುತ್ತದೆ. ಲಕ್ಷಾಂತರ ವರ್ಷ ಹೀಗೆ ಹಾರಿದವರೇ ಜಾಸ್ತಿ ಉಳಿದರು, ನಾವು ಅವರ ಸಂತಾನ. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿಯಂಥ ಭಾಗವಿದೆ. ಕಂಡದ್ದು ಏನು ಅಂತ ನಾವು ಯೋಚಿಸುವ ಮೊದಲೇ ಅದು ಮೈಯನ್ನು ಎಬ್ಬಿಸಿಬಿಡುತ್ತದೆ. ಡಾರ್ವಿನ್ ಕೂಡ ಲಂಡನ್ ಝೂನಲ್ಲಿ ವಿಷದ ಹಾವಿನ ಮುಂದೆ ದಪ್ಪ ಗಾಜಿಗೆ ಮುಖ ತಂದು, ಹಿಂದೆ ಸರಿಯಲ್ಲ ಅಂತ ಹಟ ಹಿಡಿದು ನಿಂತಿದ್ದ. ಹಾವು ಎರಗಿದ್ದೇ ತಡ, ಒಂದೆರಡು ಗಜ ಹಿಂದಕ್ಕೆ ಹಾರಿದ. 1872ರಲ್ಲಿ ಅವನೇ ಬರೆದುಕೊಂಡಿದ್ದಾನೆ.

ಓದಿ ನನಗೆ ಎಷ್ಟೋ ಸಮಾಧಾನ. ಹಾರೋದು ನನ್ನ ಕೈಲಿಲ್ಲ. ಹಾರಿದ ಮೇಲೆ ಏನು ಮಾಡುತ್ತೇನೆ ಅನ್ನೋದು ನನ್ನ ಕೈಲಿದೆ.

ಮೊದಲು ಮೊಬೈಲಿನಲ್ಲಿ ಹಾವಿನ ಫೋಟೋ. ಎದೆಬಡಿತ ಇಳಿಯುವ ತನಕ ಕಣ್ಣು ತೆಗೆಯಲಿಲ್ಲ. ಭಯ ಏರಿದಾಗಲೇ ಓಡಿದರೆ, ಓಡಿದ್ದಕ್ಕೇ ಬದುಕಿದೆ ಅಂತ ಮೈ ನಂಬಿಬಿಡುತ್ತದೆ. ಆಮೇಲೆ ವಿಡಿಯೋ. ಕೊನೆಗೆ ಮಗಳನ್ನು ಕರೆದುಕೊಂಡು ಮೈಸೂರು ಝೂ. ಹೆಬ್ಬಾವು ಸುಮ್ನೆ ತಲೆ ಹೊರಳಿಸಿತು, ನಾನು ಹಿಂದಿದ್ದವರ ಕಾಲು ತುಳಿದೆ. "ಅಪ್ಪ, ಗಾಜಿದೆ ಅಲ್ವಾ?" ಅಂದಳು. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುತ್ತಾ ಅಲ್ಲೇ ನಿಂತೆ. ಹೀಗೆ ಮೂರು ಭಾನುವಾರ.

ಮಗಳ ಮುಂದೆ ಕಿರುಚಬಾರದು ಅಂತಲೂ ಇತ್ತು. 1980ರ ದಶಕದಲ್ಲಿ ಸೂಸನ್ ಮಿನೆಕಾ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಲ್ಯಾಬಿನಲ್ಲೇ ಬೆಳೆದ ಕೋತಿಗಳನ್ನು ನೋಡಿದರು. ಅವಕ್ಕೆ ಹಾವಿನ ಭಯವಿರಲಿಲ್ಲ. ಇನ್ನೊಂದು ಕೋತಿ ಹೆದರುವುದನ್ನು ಕಂಡು ಬೇಗ ಕಲಿತವು. ಹೂವಿಗೆ ಹೆದರುವ ಹಾಗೆ ವಿಡಿಯೋ ಜೋಡಿಸಿ ತೋರಿಸಿದರೆ ಕಲಿಯಲಿಲ್ಲ. ನೆಲ ಮೊದಲೇ ಹದವಾಗಿರುತ್ತದೆ, ಬಿತ್ತೋದು ಜೊತೆಗಿದ್ದವರು. ನನಗೆ ಬಿತ್ತಿದ್ದು ನಮ್ಮವ್ವನ ಕೂಗಾಟ, ಪಾಪ.

ಭಯ ಪೂರ್ತಿ ಹೋಗಿಲ್ಲ, ಹೋಗೋದೂ ಬೇಡ. ತರಗಿನೊಳಗೆ ಕೊಳಕುಮಂಡಲ ಮಲಗಿದ್ದರೆ ಕಾಣೋದೇ ಇಲ್ಲ. ಗಮ್‌ಬೂಟು, ಟಾರ್ಚು, ಕೋಲು ಇಲ್ಲದೆ ಇಳಿಯಲ್ಲ. ಕಚ್ಚಿದರೆ ಬಿಗಿದು ಕಟ್ಟೋದಿಲ್ಲ, ಕುಯ್ಯೋದಿಲ್ಲ, ಸೀದಾ ಆಸ್ಪತ್ರೆಗೆ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಹೋದ ವಾರ ಅದೇ ಬದುವಿನಲ್ಲಿ ಮತ್ತೆ ಹಾರಿದೆ. ಟಾರ್ಚು ಕೈಲೇ ಇತ್ತು. ಬೆಳಕು ಬಿಟ್ಟರೆ ನೀರೊಳ್ಳೆ, ಬಾಯಲ್ಲಿ ಕಪ್ಪೆ. ಅದು ಕಾಲುವೆ ದಾಟುವ ತನಕ ನಿಂತಿದ್ದು, ಹೋಗಿ ಮೋಟರ್ ಹಾಕಿದೆ.