ತೊಡೆ ಹಿಡಿದುಕೊಳ್ಳದಂತೆ ನಾರ್ಡಿಕ್ ಮಾಡುವುದು ಹೀಗೆ

ಜೋರಾಗಿ ಓಡುತ್ತಿದ್ದ ಹುಡುಗ ತಟ್ಟನೆ ನಿಂತು ತೊಡೆಯ ಹಿಂಭಾಗ ಹಿಡಿದುಕೊಂಡನೆಂದರೆ ಅದು ಬಹುಪಾಲು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹರಿದದ್ದು. ಓಟದಲ್ಲಿ ಕಾಲು ಮುಂದಕ್ಕೆ ಬೀಸುತ್ತದಲ್ಲ, ಪಾದ ನೆಲ ಮುಟ್ಟುವ ಮುಂಚೆ ಈ ಸ್ನಾಯು ಉದ್ದವಾಗುತ್ತಲೇ ಕಾಲಿಗೆ ಬ್ರೇಕ್ ಹಾಕಬೇಕು. ಹೆಚ್ಚಾಗಿ ಹರಿಯುವುದು ಆಗಲೇ. ಸುಮ್ನೆ ಸ್ಟ್ರೆಚ್ ಮಾಡಿದರೆ ಆ ಬಲ ಬರುವುದಿಲ್ಲ. ಮೊಣಕಾಲೂರಿ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮದಿಂದ ಬರುತ್ತದೆ. ಡೆನ್ಮಾರ್ಕ್‌ನ ಫುಟ್‌ಬಾಲ್ ತಂಡಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದವರಿಗೆ ಈ ಗಾಯ ಬಹಳ ಕಡಿಮೆಯಾಗಿತ್ತು. ಕಬಡ್ಡಿ ರೈಡರ್‌ಗೂ ವೇಗದ ಬೌಲರ್‌ಗೂ ಬೇಕಾದದ್ದು ಇದೇ.

1. ಹತ್ತು ನಿಮಿಷ ಓಡಿ ಮೈ ಬಿಸಿ ಮಾಡಿಕೊಳ್ಳಿ.

2. ಚಾಪೆ ಮಡಚಿ ಮೊಣಕಾಲೂರಿ. ಜೊತೆಗಾರ ಎರಡೂ ಹಿಮ್ಮಡಿಗಳನ್ನು ಬಿಗಿಯಾಗಿ ಒತ್ತಿ ಹಿಡಿಯಲಿ. ಜೊತೆಗಾರನ ಬದಲು ಕಾಲು ಹಿಡಿಯಲೆಂದು ನೆಲಕ್ಕೆ ಅಂಟುವ ಸಕ್ಷನ್ ಪಟ್ಟಿ ಕೊಳ್ಳಬೇಡಿ. ಒರಟು ಸಿಮೆಂಟ್ ನೆಲದಲ್ಲಿ ಅದು ಕಿತ್ತು ಬರುತ್ತದೆ.

3. ಕೆಡುವುದೆಲ್ಲ ಈ ಹಂತದಲ್ಲೇ. ಮೊಣಕಾಲಿನಿಂದ ತಲೆವರೆಗೆ ಮೈ ನೇರವಾಗಿರಲಿ, ಪೃಷ್ಠ ಬಿಗಿ ಹಿಡಿಯಿರಿ. ಈಗ ನಿಧಾನವಾಗಿ ಮುಂದಕ್ಕೆ ಬಾಗಿ. ಮಡಿಚಿದ್ದು ಬಿಡಿಸಿಕೊಳ್ಳಬೇಕಾದದ್ದು ಮೊಣಕಾಲು ಮಾತ್ರ, ಸೊಂಟ ಅಲ್ಲ. ತುಂಬಾ ಜನ ಸೊಂಟ ಹಿಂದಕ್ಕೆ ತಳ್ಳಿ ನಮಸ್ಕಾರ ಮಾಡಿದ ಹಾಗೆ ಬಾಗುತ್ತಾರೆ. ಆಗ ತೊಡೆಯ ಹಿಂಭಾಗಕ್ಕೆ ಬೀಳುವ ಭಾರ ಕಡಿಮೆಯಾಗುತ್ತದೆ. ಇನ್ನು ಕೆಲವರು ಅರ್ಧಕ್ಕೇ ಕೈಚೆಲ್ಲಿ ದೊಪ್ಪನೆ ಬೀಳುತ್ತಾರೆ. ತಡೆಯಲು ಆಗುವವರೆಗೂ ತಡೆಯಿರಿ, ಮೂರ್ನಾಲ್ಕು ಸೆಕೆಂಡ್ ಸಿಕ್ಕರೂ ಸಾಕು. ಇನ್ನು ಆಗುವುದಿಲ್ಲ ಎನಿಸಿದಾಗ ಅಂಗೈ ಊರಿ ಎದೆಯನ್ನು ನೆಲಕ್ಕೆ ಇಳಿಸಿ.

4. ಕೈಯಿಂದ ನೆಲ ತಳ್ಳಿ ಮೇಲೆ ಬನ್ನಿ. ಏಳುವಾಗ ತೊಡೆಗೆ ಶ್ರಮ ಬೇಡ.

ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ. ಎರಡನೇ ವಾರ ಎರಡು ದಿನ, ಆರಾರರಂತೆ ಎರಡು ಸಲ. ಆಮೇಲೆ ಹತ್ತನೇ ವಾರದವರೆಗೆ ವಾರಕ್ಕೆ ಮೂರು ದಿನ, ಮೂರು ಸೆಟ್. ಮೊದಲ ದಿನವೇ ಮೂವತ್ತು ಮಾಡಿಸುವ ಕೋಚ್‌ಗಳಿದ್ದಾರೆ. ಮರುದಿನ ಹುಡುಗರಿಗೆ ಮೆಟ್ಟಿಲು ಇಳಿಯಲಾಗದಷ್ಟು ನೋವು, ಮತ್ತೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಮಾಡಿಸಿ, ಪಂದ್ಯದ ಹಿಂದಿನ ದಿನ ಖಂಡಿತ ಬೇಡ.

ತೊಡೆ ಹಿಡಿದುಕೊಂಡವನನ್ನು ನೋವಿನ ಸ್ಪ್ರೇ ಹೊಡೆದು ಆಡಿಸಬೇಡಿ. ಅದು ನೋವು ಮರೆಸುತ್ತದೆ, ಹರಿದದ್ದನ್ನು ಕೂಡಿಸುವುದಿಲ್ಲ. ಹಳೇ ಗಾಯ ಇದ್ದವರು ಮೊದಲು ಫಿಸಿಯೋ ಹತ್ತಿರ ತೋರಿಸಿಕೊಂಡೇ ಶುರು ಮಾಡಲಿ. ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವುದು ಜಾಸ್ತಿ. ಹತ್ತು ವಾರ ಆದ ಮೇಲೆ ನಿಲ್ಲಿಸಿಬಿಡಬೇಡಿ. ಸೀಸನ್ ಪೂರ್ತಿ ವಾರಕ್ಕೊಮ್ಮೆ ಇರಲಿ.