ಮೀನಿನ ತೊಟ್ಟಿಯ ಆರ್‌ಓ: ಕೋಲಾರದ ಗಡಸು ನೀರಲ್ಲಿ ನಾನು ನೋಡಿಕೊಳ್ಳುವ ರೀತಿ

ನಮ್ಮ ಮನೆ ಬೋರ್‌ವೆಲ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಪ್ರಮಾಣ, ಪಿಪಿಎಂ ಲೆಕ್ಕದಲ್ಲಿ) 900ರ ಆಸುಪಾಸು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗೀಸರ್ ಬಿಚ್ಚಿದರೆ ಒಳಗೆಲ್ಲ ಸುಣ್ಣ. ಗಪ್ಪಿ, ಮೋಲಿ ಸಾಕುವವರು ಆರ್‌ಓ ತಂಟೆಗೇ ಹೋಗಬೇಡಿ. ಅವು ಗಡಸು ನೀರಲ್ಲೇ ಆರಾಮಾಗಿ ಮರಿ ಹಾಕುತ್ತವೆ. ನನಗೆ ಆಸೆ ಇದ್ದದ್ದು ಕಾರ್ಡಿನಲ್ ಟೆಟ್ರಾ ಮೇಲೆ. ಅದು ದಕ್ಷಿಣ ಅಮೆರಿಕದ ಮೆದು ನೀರಿನ ಮೀನು. ಅದಕ್ಕೇ ತೊಟ್ಟಿಗೆ ಅಂತಲೇ ಬೇರೆ ಆರ್‌ಓ ಹಾಕಿಕೊಂಡೆ.

ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಂಡು ಬರಬಾರದಾ ಅಂತ ಕೆಲವರು ಕೇಳುತ್ತಾರೆ. ತರಬಹುದು. ಆದರೆ ಅಲ್ಲಿ ಮೆಂಬ್ರೇನ್ (ಉಪ್ಪನ್ನು ತಡೆಯುವ ಪೊರೆ) ಯಾವ ಸ್ಥಿತಿಯಲ್ಲಿದೆ ಅನ್ನೋದು ನಮ್ಮ ಕೈಲಿಲ್ಲ. ಒಂದು ವಾರ 60 ಇದ್ದ ಟಿಡಿಎಸ್ ಮುಂದಿನ ವಾರ 150 ಆದರೆ ಕುಡಿಯುವವರಿಗೆ ಗೊತ್ತೇ ಆಗಲ್ಲ, ತೊಟ್ಟಿಗೆ ನೀರು ಬೆರೆಸುವ ನನ್ನ ಲೆಕ್ಕ ಮಾತ್ರ ತಪ್ಪುತ್ತದೆ.

ನನ್ನ ಮೆಷಿನ್ ಬಹಳ ಸರಳ. ಸೆಡಿಮೆಂಟ್, ಕಾರ್ಬನ್, ಬೂಸ್ಟರ್ ಪಂಪ್, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್, ಅಷ್ಟೆ. ಯುವಿ, ಮಿನರಲ್ ಕಾರ್ಟ್ರಿಜ್ ಯಾವುದೂ ಬೇಡ ಅಂದೆ. ಅಡುಗೆಮನೆ ಆರ್‌ಓ ನೀರನ್ನೇ ತೊಟ್ಟಿಗೆ ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ಅದರಲ್ಲಿ ರುಚಿಗೆ ಅಂತ ಸ್ವಲ್ಪ ಬೋರ್ ನೀರು ಸೇರಿಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದು ತೆರೆದಿದ್ದರೆ ಟಿಡಿಎಸ್ ಮೀಟರ್ ತೋರಿಸುವುದು ಮೆಂಬ್ರೇನ್‌ನ ಆರೋಗ್ಯವನ್ನಲ್ಲ.

ಆರ್‌ಓದಲ್ಲಿ ಬೆಲೆ ಬಾಳುವುದು ಮೆಂಬ್ರೇನ್. ಅದು ಬೇಗ ಸಾಯುವುದು ಸಾಮಾನ್ಯವಾಗಿ ಮುಂದಿರುವ ಅಗ್ಗದ ಫಿಲ್ಟರ್‌ಗಳನ್ನು ಸುಮ್ನೆ ಬಿಟ್ಟಾಗ. ಬೋರ್ ನೀರಿನ ಜೊತೆ ಬರುವ ಸಣ್ಣ ಮಣ್ಣನ್ನು ಸೆಡಿಮೆಂಟ್ ಹಿಡಿಯುತ್ತದೆ. ಬೋರಿಗೆ ಹೊಸ ಮೋಟಾರ್ ಇಳಿಸಿದಾಗ, ಟ್ಯಾಂಕರ್ ನೀರು ಹಾಕಿಸಿಕೊಂಡಾಗ ಅದು ಬೇಗ ಕಟ್ಟಿಕೊಳ್ಳುತ್ತದೆ, ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ. ತೆಗೆದ ಕಾರ್ಟ್ರಿಜ್ಜನ್ನು ನಾನು ಹ್ಯಾಕ್ಸಾದಲ್ಲಿ ಅಡ್ಡ ಕುಯ್ದು ನೋಡುತ್ತೇನೆ. ಕಂದು ಬಣ್ಣ ಹೊರ ಪದರದಲ್ಲೇ ನಿಂತು ಒಳಗೆ ಬೆಳ್ಳಗಿದ್ದರೆ ಸರಿಯಾದ ಹೊತ್ತಿಗೆ ಬದಲಾಯಿಸಿದೆ ಅಂತ ಅರ್ಥ. ನಡುವಿನ ತೂತಿನವರೆಗೂ ಕಂದು ಇಳಿದಿದ್ದರೆ ಮಣ್ಣು ಆಗಲೇ ಮುಂದಕ್ಕೆ ಹೋಗಿದೆ.

ಕಾರ್ಬನ್ ಇರುವುದು ಕ್ಲೋರಿನ್‌ಗೆ. ಬೋರ್ ನೀರಲ್ಲಿ ಕ್ಲೋರಿನ್ ಎಲ್ಲಿಂದ ಬರುತ್ತೆ ಅಲ್ವಾ? ಆದರೆ ನೆಲದಡಿಯ ಸಂಪ್ ಟ್ಯಾಂಕಿಗೆ ನಲ್ಲಿ ನೀರೂ ಸೇರುತ್ತದೆ, ಟ್ಯಾಂಕ್ ತೊಳೆದಾಗ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಕ್ಲೋರಿನ್ ತಗುಲಿ ಹಾಳಾದ ಮೆಂಬ್ರೇನ್ ಮತ್ತೆ ಸರಿಯಾಗಲ್ಲ. ಹೊಸ ಕಾರ್ಬನ್ ಹಾಕಿದಾಗ ಮೊದಲು ಬರುವ ಕಪ್ಪು ಪುಡಿ ನೀರನ್ನು ಪೈಪ್ ಬಿಚ್ಚಿ ಬಕೆಟ್‌ಗೆ ಬಿಡಬೇಕು, ಮೆಂಬ್ರೇನ್‌ಗೆ ಹೋಗಲು ಬಿಡಬಾರದು. ಹೌಸಿಂಗ್‌ನ ಓ-ರಿಂಗ್‌ಗೆ ವ್ಯಾಸಲೀನ್ ಹಚ್ಚಬೇಡಿ, ರಬ್ಬರ್ ಉಬ್ಬಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಸಿಗುತ್ತದೆ, ಒಂದು ಚಿಟಿಕೆ ಸಾಕು.

"ಸಾರ್, ವರ್ಷ ಆಯ್ತು, ಫುಲ್ ಸೆಟ್ ಚೇಂಜ್ ಮಾಡಿಬಿಡೋಣ" ಅಂತ ಸರ್ವೀಸ್ ಹುಡುಗ ಹೇಳುತ್ತಾನೆ. ನಾನು ಮೀಟರ್ ತೆಗೆಯುತ್ತೇನೆ. ಒಳಗೆ ಹೋಗುವ ನೀರು 900, ಹೊರಗೆ ಬರುವುದು 40 ಇದ್ದರೆ ಮೆಂಬ್ರೇನ್ ಶೇ. 95ರಷ್ಟು ಉಪ್ಪು ತಡೆಯುತ್ತಿದೆ. ಅದನ್ನು ಯಾಕೆ ಬದಲಾಯಿಸಲಿ? ಇದೇ 40 ಮೆಲ್ಲಗೆ 90 ದಾಟಿದಾಗ ಹೊಸದಕ್ಕೆ ಹೇಳುತ್ತೇನೆ. ಎರಡೂ ಕಡೆ ಅಳೆಯಲೇಬೇಕು, ಬೇಸಿಗೆಯಲ್ಲಿ ಬೋರ್ ನೀರಿನ ಟಿಡಿಎಸ್ಸೇ ಏರಿದರೆ ಹೊರಗಿನದೂ ಏರುತ್ತದೆ. ಇನ್ನೊಂದು, ನಿಲ್ಲಿಸಿದ ಮೆಷಿನ್ ಆನ್ ಮಾಡಿದ ತಕ್ಷಣ ಬರುವ ನೀರಲ್ಲಿ ಟಿಡಿಎಸ್ ಜಾಸ್ತಿ ಇರುತ್ತದೆ. ಐದಾರು ನಿಮಿಷ ಬಿಟ್ಟು ಅಳೆಯಿರಿ, ಮೊದಲ ನೀರನ್ನು ಡ್ರಮ್‌ಗೆ ಬಿಡಬೇಡಿ.

ನೀರು ಸಣ್ಣಗೆ ಬಂದರೆ ಮೆಂಬ್ರೇನ್ ಹೋಯ್ತು ಅಂತ ಗಾಬರಿಯಾಗುವುದು ಬೇಡ. ಡಿಸೆಂಬರ್ ಚಳಿಗೆ ಓವರ್‌ಹೆಡ್ ಟ್ಯಾಂಕ್ ತಣ್ಣಗಾದಾಗ ನೀರು ಕಡಿಮೆಯೇ ಬರುತ್ತದೆ. ಸೆಡಿಮೆಂಟ್ ಕಟ್ಟಿಕೊಂಡಿದ್ದರೂ ಹಾಗೇ. ಅಳತೆ ಲೋಟ ಹಿಡಿದು ಒಂದು ನಿಮಿಷಕ್ಕೆ ಒಳ್ಳೆಯ ನೀರೆಷ್ಟು, ವೇಸ್ಟ್ ಎಷ್ಟು ನೋಡುತ್ತೇನೆ. ಒಂದಕ್ಕೆ ಮೂರು ಇದ್ದರೆ ನಮ್ಮ ನೀರಿಗೆ ಸರಿ. ನೀರು ಉಳಿಸಲು ಅಂತ ಫ್ಲೋ ರಿಸ್ಟ್ರಿಕ್ಟರ್ (ವೇಸ್ಟ್ ನೀರಿನ ಹರಿವನ್ನು ಮಿತಿಯಲ್ಲಿಡುವ ಭಾಗ) ಬಿಗಿ ಮಾಡಿದರೆ ಸುಣ್ಣ ಮೆಂಬ್ರೇನ್ ಮೇಲೇ ಕೂರುತ್ತದೆ.

"ಏನಪ್ಪಾ, ಮೀನಿಗೆ ಒಂದು ಬಿಂದಿಗೆ, ಮೋರಿಗೆ ಮೂರು ಬಿಂದಿಗೆನಾ?" ಅಂತ ಅಮ್ಮ ರೇಗಿದ್ದು ನ್ಯಾಯವೇ. ಸಾವಿರ ಅಡಿಗೂ ಆಳದಿಂದ ಎತ್ತುವ ನೀರು ಅದು. ಈಗ ವೇಸ್ಟ್ ಪೈಪ್ ಬೇರೆ ಡ್ರಮ್‌ಗೆ ಹೋಗುತ್ತದೆ. ಅದರ ಟಿಡಿಎಸ್ 1200ರ ಹತ್ತಿರ. ನೆಲ ಒರೆಸಲು, ಟಾಯ್ಲೆಟ್‌ಗೆ ಧಾರಾಳವಾಗಿ ಸಾಲುತ್ತದೆ. ಕರಿಬೇವಿನ ಕುಂಡಕ್ಕೆ ಹಾಕಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ, ಬೈಕ್ ತೊಳೆದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಬರೀ ಆರ್‌ಓ ನೀರು ತೊಟ್ಟಿಗೆ ಸುರಿಯುವಂತಿಲ್ಲ. ಅದರಲ್ಲಿ ಕಾರ್ಬನೇಟ್ ಗಡಸುತನ (ಆಮ್ಲವನ್ನು ತಡೆಯುವ ಲವಣ) ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತೊಟ್ಟಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಾಯಿಸುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆಯಲು ಏನೂ ಇಲ್ಲದಿದ್ದರೆ ಪಿಎಚ್ ದಿಢೀರ್ ಕುಸಿಯುತ್ತದೆ. ನಾನು 20 ಲೀಟರ್ ಕ್ಯಾನ್‌ಗೆ 17.5 ಲೀಟರ್ ಆರ್‌ಓ, 2.5 ಲೀಟರ್ ಬೋರ್ ನೀರು ಬೆರೆಸುತ್ತೇನೆ. ಟಿಡಿಎಸ್ 150ರ ಹತ್ತಿರ ಬಂದು ನಿಲ್ಲುತ್ತದೆ. ಬೋರ್ ನೀರಿನ ಅಂಕಿ ಬದಲಾದರೆ ಈ ಅಳತೆಯೂ ಬದಲಾಗಬೇಕು.

ಊರಿಗೆ ಹೋಗುವಾಗ ಮೆಂಬ್ರೇನ್ ಬಿಚ್ಚಿ ಒಣಗಿಸಿಡುವವರಿದ್ದಾರೆ. ಹಾಗೆ ಮಾಡಬೇಡಿ, ಒಮ್ಮೆ ಒದ್ದೆಯಾದ ಮೆಂಬ್ರೇನ್ ಒದ್ದೆಯಾಗೇ ಇರಬೇಕು. ನಲ್ಲಿ ಮುಚ್ಚಿ, ಸ್ವಿಚ್ ಆಫ್ ಮಾಡಿ ಹೋಗಿ. ಬಂದ ಮೇಲೆ ಅರ್ಧ ಗಂಟೆ ಎರಡೂ ಪೈಪ್ ಮೋರಿಗೆ ಬಿಟ್ಟು, ಮೀಟರ್ ನೋಡಿಕೊಂಡು ಡ್ರಮ್‌ಗೆ ತಿರುಗಿಸಿ.