ಜೈಲಿನ ಹಿಂಬರಹ ಕೈಗೆ ಬಂದ ದಿನದಿಂದ

ಪರಪ್ಪನ ಅಗ್ರಹಾರದಲ್ಲಿ ಮಗನನ್ನು ನೋಡಿಕೊಂಡು ಬಂದ ತಾಯಂದಿರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಕೋರ್ಟಿಗೆ ಹೋಗಲು ಎಷ್ಟು ದಿನ ಇದೆ ಮೇಡಂ?" ಹನ್ನೆರಡು ವರ್ಷ ಬೆರಳಚ್ಚು ಅಂಗಡಿಯಲ್ಲಿ ಅರ್ಜಿ ಕುಟ್ಟಿ, ಈಗ ಕಾನೂನು ನೆರವಿನ ಸ್ವಯಂಸೇವಕಿಯಾಗಿರುವ ನಾನು ತಿರುಗಿ ಕೇಳುತ್ತೇನೆ: ಆದೇಶ ಯಾರದು, ನ್ಯಾಯಾಧೀಶರದೋ ಜೈಲಿನದೋ?

ನ್ಯಾಯಾಧೀಶರದಾದರೆ ಎಣಿಕೆ ಸುಲಭ. ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಟ್ಟಿದ್ದರೆ ಮಾತ್ರ ಹೈಕೋರ್ಟಿಗೂ 30 ದಿನವೇ. ಇದನ್ನು ತಿಂಗಳಿನಲ್ಲಿ ಎಣಿಸಬೇಡಿ. ಜುಲೈ 1ರ ತೀರ್ಪಿಗೆ 60ನೆಯ ದಿನ ಆಗಸ್ಟ್ 30, ಸೆಪ್ಟೆಂಬರ್ 1 ಅಲ್ಲ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಎಣಿಕೆಗೆ ಸೇರಿಸಬೇಕಿಲ್ಲ. ನಕಲಿನ ಮೇಲಿನ ಮೊಹರು ನೋಡಿ. ಗಡುವು ದಾಟಿದ್ದರೆ ಕಾರಣ ಬರೆದು ವಿಳಂಬ ಮನ್ನಾ ಕೋರುವ ಅರ್ಜಿ ಹಾಕಬೇಕು. ಕೈದಿ ತನ್ನ ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು, ಅದನ್ನು ನ್ಯಾಯಾಲಯಕ್ಕೆ ಕಳುಹಿಸುವುದು ಅವರ ಕರ್ತವ್ಯ.

ಜನ ಎಡವುವುದು ಜೈಲಿನ ಆದೇಶದಲ್ಲಿ. ಪೆರೋಲ್ (ಕೆಲವು ದಿನ ಮನೆಗೆ ಹೋಗಿಬರುವ ಅನುಮತಿ) ನಿರಾಕರಣೆ, ಬೇರೆ ಜೈಲಿಗೆ ವರ್ಗಾವಣೆ, ಭೇಟಿ ರದ್ದು ಇಂಥವುಗಳ ವಿರುದ್ಧ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತೇವೆ. ಅದಕ್ಕೆ ಇಷ್ಟೇ ದಿನವೆಂದು ಕಾಯ್ದೆ ಗೆರೆ ಎಳೆದಿಲ್ಲ. ಹಾಗೆಂದ ತಕ್ಷಣ ಎಲ್ಲರ ಮುಖ ಅರಳುತ್ತದೆ; ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ತಡಮಾಡಿ ಹೋದರೆ "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಪೀಠ ಕೇಳುತ್ತದೆ, ಆ ಒಂದೇ ಕಾರಣಕ್ಕೆ ಅರ್ಜಿ ಬೀಳಲೂಬಹುದು. ಅದಕ್ಕಿಂತ ಕಠಿಣ ಗಡುವೆಂದರೆ ಮುಹೂರ್ತ. ಒಬ್ಬ ತಾಯಿ, ಮಗಳ ಮದುವೆಗೆ ಮಗನ ಪೆರೋಲ್ ಇಲ್ಲವೆಂಬ ಹಿಂಬರಹವನ್ನು, ಅಂದರೆ ಜೈಲಿನ ಲಿಖಿತ ಉತ್ತರವನ್ನು, ಕೆಟ್ಟ ಸುದ್ದಿಯೆಂದು ದೇವರ ಪಟದ ಹಿಂದೆ ಇಟ್ಟುಬಿಟ್ಟಿದ್ದರು. ನನ್ನ ಬಳಿ ತಂದಾಗ ಧಾರೆಗೆ ಎರಡೇ ದಿನ. ರಾತ್ರಿಯೆಲ್ಲ ಕುಳಿತು ಅರ್ಜಿ ಸಿದ್ಧಪಡಿಸಿದೆವು, ಅದು ಪೀಠದ ಮುಂದೆ ಬರುವಷ್ಟರಲ್ಲಿ ಮದುವೆಯೂಟ ಮುಗಿದಿತ್ತು. ಹಿಂಬರಹ ಬಂದ ವಾರದಲ್ಲೇ ಹೊರಡಿ. ಲಗ್ನಪತ್ರಿಕೆಯನ್ನೂ ಅರ್ಜಿಗೆ ಲಗತ್ತಿಸಿ, ತುರ್ತು ಏನೆಂದು ಅದೇ ಹೇಳುತ್ತದೆ.

ಜೈಲಿನೊಳಗಿನ ಶಿಕ್ಷೆಗೆ ಇನ್ನೊಂದು ಎಣಿಕೆಯಿದೆ, ಅದು ಅಧಿಕಾರಿಗಳಿಗೆ ಹಾಕಿದ ಗಡುವು. ಸುನಿಲ್ ಬಾತ್ರಾ ಎಂಬ ಕೈದಿಯ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟ್, ಒಂಟಿ ಕೋಣೆಯಂಥ ಶಿಕ್ಷೆಯನ್ನು ಸೆಷನ್ಸ್ ನ್ಯಾಯಾಧೀಶರು ಪರಿಶೀಲಿಸದೆ ವಿಧಿಸಬಾರದು, ತುರ್ತಿದ್ದರೆ ಕ್ರಮ ಕೈಗೊಂಡ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು ಎಂದು 1979ರಲ್ಲಿ ಹೇಳಿತು. ಆದ್ದರಿಂದ ಶಿಕ್ಷೆ ಶುರುವಾದ ದಿನಾಂಕವನ್ನು ಭೇಟಿಯಲ್ಲಿ ಕೇಳಿ ಬರೆದುಕೊಳ್ಳಿ. "ಹೋದ ವಾರ" ಎಂದರೆ ಸಾಲದು.

ಆದೇಶವನ್ನು ಬಾಯಲ್ಲಷ್ಟೇ ಹೇಳಿದ್ದರೆ ಲಿಖಿತ ಪ್ರತಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ ಅದಕ್ಕೆ ಉತ್ತರ ಕೊಡಲು ಅವರಿಗಿರುವುದು 30 ದಿನವಲ್ಲ, 48 ಗಂಟೆ. ಅದು ಹೇಗೆ ಸ್ವಾತಂತ್ರ್ಯದ ವಿಷಯವೆಂದು ಎರಡು ಸಾಲು ಬರೆಯಿರಿ.

ವಕೀಲರ ಶುಲ್ಕಕ್ಕೆ ಹೆದರಿ ಕೂರಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಜೈಲಿನೊಳಗಿಂದ ಸಹಿಯಾಗಿ ಬರಲು ದಿನಗಳು ಹಿಡಿಯುವುದರಿಂದ ಅದನ್ನೇ ಮೊದಲು ಕಳುಹಿಸಿ. ನನ್ನ ಬಳಿ ಬರುವಾಗ ಹಿಂಬರಹದ ಜೊತೆ ಅದು ಬಂದ ಲಕೋಟೆಯನ್ನೂ ತನ್ನಿ. ಅಂಚೆ ಮೊಹರಿನ ದಿನಾಂಕ ಇರುವುದು ಅದರ ಮೇಲೆ.